ನೇರಕ್ಕೆ ಕೊಡುವ ಬೆಲೆ

ಈ ಅಂಕಣದಲ್ಲಿ ಸ್ನೂಕರ್, ಬಿಲಿಯರ್ಡ್ಸ್, ಪೂಲ್ ಕುರಿತು ಏನೇ ಬರೆದರೂ ಮರುವಾರದ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪುವುದಿಲ್ಲ. ಅಲ್ಲ ಸ್ವಾಮಿ, ಒಂದು ಕೋಲಿಗೆ ಲಕ್ಷ ರೂಪಾಯಿ ಏಕೆ? ಕೇಳುವವರಲ್ಲಿ ಮಗನ ಹಟಕ್ಕೆ ಮಣಿಯಲೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವ ಅಪ್ಪಂದಿರಿದ್ದಾರೆ. ಆಫೀಸು ಮುಗಿಸಿ ಪೂಲ್ ಟೇಬಲ್ಲಿನ ಮುಂದೆ ನಿಂತು ರುಚಿ ಹತ್ತಿಸಿಕೊಂಡ ಹುಡುಗ ಹುಡುಗಿಯರಿದ್ದಾರೆ. ಮರಗೆಲಸ ಬಲ್ಲ ಹಿರಿಯರೂ ಇದ್ದಾರೆ. ಅವರ ಪ್ರಶ್ನೆಯಲ್ಲಿ ಸ್ವಲ್ಪ ಕುಹಕ ಬೆರೆತಿರುತ್ತದೆ. ಲೇತ್ ಮೇಲೆ ಮಂಚದ ಕಾಲು ಕಡೆಯುವ ಕೆಲಸಗಾರ ಒಂದು ಮಧ್ಯಾಹ್ನದಲ್ಲಿ ಕಡೆದುಕೊಡಬಹುದಾದ ವಸ್ತುವಿಗೆ ಅಷ್ಟೊಂದು ದುಡ್ಡೇ ಎಂಬ ಧಾಟಿ ಅದು. ಕಡೆಯಲು ಒಂದು ಮಧ್ಯಾಹ್ನ ಸಾಕು, ಒಪ್ಪಿಕೊಳ್ಳೋಣ. ಆದರೆ ಕಡೆದದ್ದು ಐದು ಮಳೆಗಾಲ ಕಳೆದ ಮೇಲೂ ಹಾಗೆಯೇ ನೆಟ್ಟಗಿರಬೇಕು ಎನ್ನುವಲ್ಲಿಂದ ಈ ಕಸುಬು ಶುರುವಾಗುತ್ತದೆ. ಒಳ್ಳೆಯ ಕ್ಯೂಗೆ, ಅಂದರೆ ಆ ಕೋಲಿಗೆ, ತೆರುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಆ ನೇರಕ್ಕೆ, ಆ ನೇರ ದಕ್ಕಲಿ ಎಂದು ತಯಾರಕ ಕಾದ ಕಾಲಕ್ಕೆ. ನನ್ನ ಉತ್ತರ ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಮೊದಲು ವಸ್ತುವಿನ ಅಂದಾಜು ಮಾಡಿಕೊಳ್ಳೋಣ. ಪೂಲ್ ಕ್ಯೂ ಸಾಮಾನ್ಯವಾಗಿ 58 ಇಂಚು ಉದ್ದವಿರುತ್ತದೆ. ತೂಕ 18ರಿಂದ 21 ಔನ್ಸ್, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ನಡುವೆ ತಿರುಪಿನಿಂದ ಕೂಡಿಸಿದ ಎರಡು ಭಾಗಗಳು ಅದಕ್ಕೆ. ಕೈಯಲ್ಲಿ ಹಿಡಿಯುವ ದಪ್ಪ ಭಾಗ ಬಟ್, ಚೆಂಡಿನ ಕಡೆಗೆ ಸಪೂರವಾಗುತ್ತ ಹೋಗುವುದು ಶಾಫ್ಟ್. ಶಾಫ್ಟಿನ ತುದಿ 12ರಿಂದ 13 ಮಿಲಿಮೀಟರ್ ದಪ್ಪ. ಅದಕ್ಕೆ ಫೆರೂಲ್ ಎಂಬ ಬಿಳಿಯ ಗವಸು, ಗವಸಿನ ಮೇಲೆ ಚರ್ಮದ ಟಿಪ್. ಸ್ನೂಕರ್ ಕ್ಯೂ ತುದಿಯಲ್ಲಿ ಇನ್ನೂ ತೆಳು, 9ರಿಂದ 10 ಮಿಲಿಮೀಟರ್. ಅಲ್ಲಿ ಚೆಂಡೂ ಚಿಕ್ಕದು: ಪೂಲ್ ಚೆಂಡಿನ ಅಡ್ಡಳತೆ ಸುಮಾರು 57 ಮಿಲಿಮೀಟರ್ ಆದರೆ ಸ್ನೂಕರ್ ಚೆಂಡಿನದು 52.5.

ಈ ಟಿಪ್ಪು ಬಿಳಿ ಚೆಂಡನ್ನು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಚೆಂಡಿಗೆ ವೇಗ, ದಿಕ್ಕು, ತಿರುಗು ಮೂರೂ ದಾಟಿಹೋಗಬೇಕು. ಅದಾದ ಮೇಲೆ ಆಟಗಾರ ಮಾಡುವುದೇನೂ ಇಲ್ಲ, ನೋಡುವುದಷ್ಟೇ. ಈಗ ಶಾಫ್ಟು ಒಂದು ಮಿಲಿಮೀಟರಿನಷ್ಟು ಬಾಗಿದೆ ಎಂದುಕೊಳ್ಳಿ. ಆಟಗಾರ ಪ್ರತಿ ಹೊಡೆತಕ್ಕೂ ಕ್ಯೂವನ್ನು ಅದೇ ಮಗ್ಗುಲಲ್ಲಿ ಹಿಡಿಯುವುದಿಲ್ಲವಲ್ಲ. ಒಮ್ಮೆ ಡೊಂಕು ಎಡಕ್ಕಿರುತ್ತದೆ, ಇನ್ನೊಮ್ಮೆ ಬಲಕ್ಕೆ, ಮತ್ತೊಮ್ಮೆ ಮೇಲಕ್ಕೆ. ತಾನು ನಡುವಿಗೆ ಹೊಡೆದೆ ಎಂದುಕೊಂಡಾಗಲೆಲ್ಲ ಟಿಪ್ಪು ಬೇರೆ ಬೇರೆ ಕಡೆ ತಾಗುತ್ತಿರುತ್ತದೆ. ಕೈ ಸರಿಯಿಲ್ಲ ಎಂದು ಆಟಗಾರ ತನ್ನನ್ನೇ ಬೈದುಕೊಳ್ಳುತ್ತಾನೆ. ಕೋಲಿನ ಡೊಂಕು ಹೀಗೆ ಆಟಗಾರನ ಆತ್ಮವಿಶ್ವಾಸವನ್ನೇ ತಿನ್ನುತ್ತದೆ ಎಂಬುದಕ್ಕೆ ಕ್ಲಬ್ಬುಗಳಲ್ಲಿ ನಾನು ಕಂಡ ಉದಾಹರಣೆಗಳು ಬೇಕಾದಷ್ಟಿವೆ.

ಕೋಲಿಗೆ ಇಷ್ಟು ಬೆಲೆ ಬಂದದ್ದು ಹಳೆಯ ಕಾಲದಿಂದಲ್ಲ. ಯುರೋಪಿನಲ್ಲಿ ಈ ಆಟಗಳು ಹುಟ್ಟಿದಾಗ ಚೆಂಡನ್ನು ಹೊಡೆಯುತ್ತಿರಲಿಲ್ಲ, ತುದಿಯಲ್ಲಿ ಅಗಲವಾದ ತಲೆಯಿದ್ದ ಮೇಸ್ ಎಂಬ ಸಲಕರಣೆಯಿಂದ ತಳ್ಳುತ್ತಿದ್ದರು. ಆಮೇಲೆ ಬಂದ ಬರಿಯ ಮರದ ಕ್ಯೂ ಚೆಂಡಿನ ನಡುವಿಗೆ ಬಿದ್ದರೆ ಸರಿ, ಸ್ವಲ್ಪ ಬದಿಗೆ ಬಿದ್ದರೆ ಜಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಸೇನಾಧಿಕಾರಿ ಫ್ರಾನ್ಸ್ವಾ ಮೆಂಗೊ ರಾಜಕೀಯ ಕೈದಿಯಾಗಿ ಪ್ಯಾರಿಸ್ಸಿನ ಸೆರೆಯಲ್ಲಿದ್ದಾಗ ಕ್ಯೂ ತುದಿಗೆ ಚರ್ಮ ಕೂರಿಸಿದ. ಅದರ ಜೊತೆಗೆ ಸೀಮೆಸುಣ್ಣ ಸೇರಿತು. ಚೆಂಡಿನ ಅಂಚಿಗೆ ಹೊಡೆದು ಅದನ್ನು ಹಿಂದಕ್ಕೆಳೆಯುವ, ಬದಿಗೆ ತಿರುಗಿಸುವ ಆಟವೆಲ್ಲ ಸಾಧ್ಯವಾದದ್ದು ಅಲ್ಲಿಂದ ಮುಂದೆ. ಎಲ್ಲಿಗೆ ಹೊಡೆಯುತ್ತೇನೆ ಎನ್ನುವುದಕ್ಕೆ ಅರ್ಥ ಬಂದ ಮೇಲೆ ಏನಿಂದ ಹೊಡೆಯುತ್ತೇನೆ ಎನ್ನುವುದಕ್ಕೂ ಅರ್ಥ ಬಂತು.

ಆದರೂ ಬಹುಕಾಲ ಕ್ಯೂ ಆಟಗಾರನ ಸ್ವಂತದ್ದಾಗಿರಲಿಲ್ಲ. ಗೋಡೆಯ ಗೂಟದಲ್ಲಿ ಸಾಲಾಗಿ ನಿಂತಿರುವ ಕ್ಯೂಗಳಲ್ಲಿ ಒಂದನ್ನು ಎತ್ತಿಕೊಂಡು ಆಡುವುದೇ ರೂಢಿ. ಅಮೆರಿಕದಲ್ಲಿ ಅಂಥ ಕ್ಯೂಗಳನ್ನು ರಾಶಿಗಟ್ಟಲೆ ತಯಾರಿಸಿದ್ದು ಬ್ರನ್ಸ್‌ವಿಕ್ ಕಂಪನಿ. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಜಾನ್ ಮೋಸೆಸ್ ಬ್ರನ್ಸ್‌ವಿಕ್ 1845ರಲ್ಲಿ ಸಿನ್ಸಿನಾಟಿಯಲ್ಲಿ ಶುರುಮಾಡಿದ ಬಡಗಿ ಕಾರ್ಖಾನೆ ಅದು. ಅವರ ಟೈಟ್ಲಿಸ್ಟ್ ಎಂಬ ಮಾದರಿ ಒಂದು ಕಾಲಕ್ಕೆ ಪೂಲ್ ಹಾಲುಗಳಲ್ಲಿ ಎಲ್ಲೆಲ್ಲೂ ಇತ್ತು. ಒಳ್ಳೆಯ ಮೇಪಲ್ ಮರ, ಕೆಳಗೆ ಗಾಢ ಬಣ್ಣದ ಮರದ ಬಟ್, ಎರಡೂ ಕೂಡುವಲ್ಲಿ ನಾಲ್ಕು ಚೂಪು ಮೊನೆಗಳು. ಷಿಕಾಗೊದ ಹರ್ಮನ್ ರ‍್ಯಾಂಬೋ ಅಂಥವರು ಬ್ರನ್ಸ್‌ವಿಕ್‌ನಲ್ಲೇ ದುಡಿದು ಕೈ ಪಳಗಿಸಿಕೊಂಡು, ಒಬ್ಬೊಬ್ಬ ಆಟಗಾರನ ಕೈಗೆ ಹೊಂದುವ ಕ್ಯೂ ಮಾಡಿಕೊಡುವ ದಾರಿ ತೋರಿಸಿದರು.

ಈ ಕಸುಬಿನಲ್ಲಿ ಎಲ್ಲರೂ ತಲೆಬಾಗುವ ಹೆಸರು ಜಾರ್ಜ್ ಬಲಬುಷ್ಕಾ ಅವರದು. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮನೆಯವರೊಂದಿಗೆ ಅಮೆರಿಕಕ್ಕೆ ಬಂದು, ಮರಗೆಲಸದಲ್ಲಿ ಹೊಟ್ಟೆ ಹೊರೆದವರು. 1959ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪಾಲುದಾರಿಕೆಯಲ್ಲಿ ಒಂದು ಪೂಲ್ ಹಾಲ್ ಕೊಂಡರು. ಅಲ್ಲಿ ಕ್ಯೂಗಳ ರಿಪೇರಿ ಮಾಡುತ್ತ, ಗೆಳೆಯರಿಗೆ ಉಡುಗೊರೆಯೆಂದು ಕೆಲವನ್ನು ಮಾಡಿಕೊಟ್ಟರು. ಉಡುಗೊರೆ ನೋಡಿದವರು ನಮಗೂ ಬೇಕು ಎಂದರು, ಹವ್ಯಾಸ ಜೀವನೋಪಾಯವಾಯಿತು. 1975ರಲ್ಲಿ ತೀರಿಕೊಳ್ಳುವವರೆಗೆ ಅವರ ಕೈಯಿಂದ ಹೊರಬಿದ್ದದ್ದು ಹೆಚ್ಚೆಂದರೆ ಸಾವಿರದ ಚಿಲ್ಲರೆ ಕ್ಯೂಗಳು ಎಂಬ ಅಂದಾಜಿದೆ. ಇಂದು ಅವುಗಳಲ್ಲಿ ಒಂದಕ್ಕೆ ಸಂಗ್ರಾಹಕರು ಹತ್ತಾರು ಸಾವಿರ ಡಾಲರ್ ಕೊಡುತ್ತಾರೆ. ಪಿಟೀಲು ಪ್ರಪಂಚದಲ್ಲಿ ಸ್ಟ್ರಾಡಿವೇರಿಯಸ್ ಹೆಸರಿಗಿರುವ ಮಾನ ಕ್ಯೂ ಪ್ರಪಂಚದಲ್ಲಿ ಬಲಬುಷ್ಕಾ ಹೆಸರಿಗಿದೆ. ನನಗೆ ಇದರಲ್ಲಿ ಸ್ವಾರಸ್ಯವೆನಿಸುವುದು ಬೇರೆ ಸಂಗತಿ. ಅವರ ಎಷ್ಟೋ ಕ್ಯೂಗಳ ಬಟ್‌ಗೆ ಮೂಲ ಸರಕು ಅದೇ ಬ್ರನ್ಸ್‌ವಿಕ್ ಟೈಟ್ಲಿಸ್ಟ್. ಹಾಲಿನ ಗೋಡೆಗೆ ಒರಗಿರುತ್ತಿದ್ದ ಸಾಮಾನ್ಯ ಜಾತಿಯ ಕ್ಯೂವನ್ನೇ ಕತ್ತರಿಸಿ, ಮತ್ತೆ ಕಡೆದು, ಜಾಯಿಂಟ್ ಕೂರಿಸಿ, ತೂಕ ಹೊಂದಿಸಿ ಅವರು ಅದಕ್ಕೆ ಹೊಸ ಹುಟ್ಟು ಕೊಡುತ್ತಿದ್ದರು. ಮರ ಅದೇ, ಬೆಲೆ ಬಂದದ್ದು ಕೈಯಿಂದ.

ಬಲಬುಷ್ಕಾ ಹೆಸರನ್ನು ಆಟ ಆಡದವರಿಗೂ ಮುಟ್ಟಿಸಿದ್ದು 1986ರಲ್ಲಿ ಬಂದ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನದ ‘ದಿ ಕಲರ್ ಆಫ್ ಮನಿ’ ಸಿನಿಮಾ. ಪಾಲ್ ನ್ಯೂಮನ್ ಮಾಡಿದ ಹಿರಿಯ ಆಟಗಾರನ ಪಾತ್ರ ಟಾಮ್ ಕ್ರೂಸ್ ಮಾಡಿದ ಹುಡುಗನಿಗೆ ಒಂದು ಬಲಬುಷ್ಕಾ ಕೊಡುತ್ತದೆ, ಹುಡುಗ ಅದನ್ನು ಗರಗರ ತಿರುಗಿಸುತ್ತ ಟೇಬಲ್ ಸುತ್ತ ಕುಣಿಯುತ್ತಾನೆ. ನ್ಯೂಮನ್‌ಗೆ ಆಸ್ಕರ್ ತಂದುಕೊಟ್ಟದ್ದು ಇದೇ ಪಾತ್ರ. ತೆರೆಯ ಮೇಲೆ ಕಂಡದ್ದು ಮಾತ್ರ ಬಲಬುಷ್ಕಾ ಆಗಿರಲಿಲ್ಲ, ಅದನ್ನೇ ಹೋಲುವಂತಿದ್ದ ಜಾಸ್ ಕಂಪನಿಯ ಕ್ಯೂ. ಅಸಲಿಯನ್ನು ಹಾಗೆ ಗಾಳಿಯಲ್ಲಿ ತಿರುಗಿಸಲು ಯಾರು ತಾನೆ ಕೊಟ್ಟಾರು? ಸಿನಿಮಾ ಬಂದಮೇಲೆ ಸ್ವಂತ ಕ್ಯೂ ಇಟ್ಟುಕೊಳ್ಳುವ ಹುಚ್ಚು ಅಮೆರಿಕದಲ್ಲಿ ಹಬ್ಬಿತು, ತಯಾರಕರ ಸಂಖ್ಯೆಯೂ ಬೆಳೆಯಿತು.

ಅಂಥ ತಯಾರಕರೊಬ್ಬರ ಕಾರ್ಯಾಗಾರವನ್ನು ಕಣ್ಣಾರೆ ನೋಡುವ ಅವಕಾಶ ನನಗೆ ಸಿಕ್ಕಿತ್ತು, ಷಿಕಾಗೊ ಕಡೆಯ ನೆಂಟರ ಮನೆಗೆ ಹೋಗಿದ್ದಾಗ. ಕಾರ್ಯಾಗಾರವೆಂದರೆ ಮನೆಯ ಪಕ್ಕದ ಗ್ಯಾರೇಜು. ಅಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಯಂತ್ರಗಳಲ್ಲ, ಸೂರಿನಿಂದ ನೇತುಬಿದ್ದ ನೂರಾರು ಮೇಪಲ್ ಕೋಲುಗಳು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ತಾರೀಖುಗಳು, ಒಂದರ ಕೆಳಗೊಂದು. ಅದು ಆ ಕೋಲನ್ನು ಯಾವಾಗ ಯಾವಾಗ ಲೇತ್‌ಗೆ ಹತ್ತಿಸಿ ಎಷ್ಟು ಸವರಿದರು ಎಂಬ ಜಾತಕ. ಕಡೆಯ ತಾರೀಖು ಬರೆಸಿಕೊಳ್ಳುವ ಹೊತ್ತಿಗೆ ಕೆಲವಕ್ಕೆ ಮೂರು ನಾಲ್ಕು ವರ್ಷ ಆಗಿರುತ್ತಿತ್ತು.

ಶಾಫ್ಟಿಗೆ ಬಳಸುವುದು ಗಟ್ಟಿ ಮೇಪಲ್, ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಚಳಿಯಲ್ಲಿ ಬೆಳೆಯುವ ಮರ. ಚಳಿಯಲ್ಲಿ ನಿಧಾನವಾಗಿ ಬೆಳೆದ ಮರದ ವರ್ಷದ ಉಂಗುರಗಳು ಒತ್ತೊತ್ತಾಗಿ ಕೂತಿರುತ್ತವೆ. ನಮ್ಮ ಆಚಾರಿಗಳು ಸಾಗುವಾನಿಯಲ್ಲಾಗಲಿ ಬೀಟೆಯಲ್ಲಾಗಲಿ ಹುಡುಕುವುದು ಚೇಗನ್ನು. ಹೊರಗಿನ ಬಿಳಿ ಮರವನ್ನು ಹುಳು ಬೀಳುತ್ತದೆಂದು ಕೆತ್ತಿ ಬಿಸಾಡುತ್ತಾರೆ. ಮೇಪಲ್ ಶಾಫ್ಟಿನಲ್ಲಿ ಲೆಕ್ಕ ತಿರುಗುಮುರುಗು. ಬೇಕಾದದ್ದು ಹೊರಗಿನ ಬಿಳಿಯ ಭಾಗವೇ. ಅದರಲ್ಲೂ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೋಲಿಗೆ ಸಮನಾಗಿ ಓಡಿರಬೇಕು. ನಡುವೆ ಎಳೆ ಓರೆಯಾಗಿ ಹೊರಬಿದ್ದರೆ ಆ ಜಾಗದಲ್ಲಿ ಮುಂದೊಂದು ದಿನ ಬಾಗು ಬರುವುದು ಖಂಡಿತ.

ಇಂಚು ದಪ್ಪದ ಚೌಕ ತುಂಡನ್ನು ಮೊದಲು ಉರುಟು ಮಾಡಿ ನೇತುಹಾಕುತ್ತಾರೆ. ಮರದೊಳಗೆ ಬೆಳೆಯುವಾಗಲೇ ಕೂಡಿಕೊಂಡ ಬಿಗಿತ ಇರುತ್ತದೆ. ಹೊರಪದರ ಸವರಿದಾಗ ಆ ಬಿಗಿತ ಸಡಿಲವಾಗಿ, ಹೊಸದಾಗಿ ತೆರೆದುಕೊಂಡ ಮೈಯಿಂದ ತೇವ ಹೆಚ್ಚುಕಡಿಮೆಯಾಗಿ, ಬಿಸಿಲಿಗಿಟ್ಟ ಹಪ್ಪಳ ಒಂದು ಮಗ್ಗುಲು ಬೇಗ ಒಣಗಿ ಮುದುಡುವ ಹಾಗೆ ಕೋಲು ಮಗ್ಗುಲು ಬದಲಿಸುತ್ತದೆ. ಒಂದೇ ದಿನದಲ್ಲಿ ಇಂಚಿನಿಂದ ಅರ್ಧ ಇಂಚಿಗೆ ಇಳಿಸಿದರೆ ಅದು ಎಲ್ಲಿ ಬಾಗುತ್ತದೋ ಬಲ್ಲವರಿಲ್ಲ. ಆದ್ದರಿಂದ ಒಂದು ಪದರ ಸವರಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಡುತ್ತಾರೆ. ಮರ ತನಗೆ ಬೇಕಾದಷ್ಟು ಅಲುಗಾಡಿ ಸುಮ್ಮನಾಗಲಿ ಎಂದು. ಆಮೇಲೆ ಮತ್ತೊಂದು ತೆಳು ಪದರ, ಮತ್ತೆ ವಿಶ್ರಾಂತಿ. ಪ್ರತಿ ಸಲವೂ ಲೇತ್‌ನ ಎರಡು ಮೊನೆಗಳ ನಡುವೆ ತಿರುಗಿಸಿ ತೂಗಾಟ ನೋಡುತ್ತಾರೆ. ಬಾಗಿದ್ದಕ್ಕೆ ಕ್ಷಮೆಯಿಲ್ಲ. ಕಾಯಿಸಿ ಒತ್ತಿ ನೆಟ್ಟಗೆ ಮಾಡಬಹುದು ನಿಜ, ಆದರೆ ಮರ ತನ್ನ ಹಳೆಯ ಡೊಂಕಿಗೆ ಮರಳುತ್ತದೆ. ಆ ಗ್ಯಾರೇಜಿನ ಮೂಲೆಯಲ್ಲಿ ಡ್ರಮ್ಮು ತುಂಬ ಬಾಗಿದ ಶಾಫ್ಟುಗಳಿದ್ದವು. ಚಳಿಗಾಲಕ್ಕೆ ಒಲೆಗೆ ಹಾಕುತ್ತೇನೆ ಎಂದು ಆತ ನಕ್ಕರು. ನೀವು ಕೊಳ್ಳುವ ಒಂದು ನೇರ ಶಾಫ್ಟಿನ ಬೆಲೆಯಲ್ಲಿ ಆ ಡ್ರಮ್ಮಿನ ಬೆಲೆಯೂ ಸೇರಿರುತ್ತದೆ.

ಬಟ್ ಭಾಗದ ಕೌಶಲ ಬೇರೆಯದು. ಅಲ್ಲಿ ಹಗುರವಾದ ಮೇಪಲ್ ಜೊತೆಗೆ ಭಾರದ ಮರವನ್ನು, ಅಂದರೆ ಕರಿಮರವನ್ನೋ ಬೀಟೆಯನ್ನೋ ಬೆಸೆಯಬೇಕು. ಎರಡು ದಾರಿಗಳಿವೆ. ಎರಡೂ ಮರಗಳಲ್ಲಿ ಬೆರಳು ಬೆರಳಾಗಿ ಬೆಣೆಯಾಕಾರ ಸೀಳಿ, ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ತೂರಿಸಿ ಅಂಟಿಸುವುದು ಪೂರ್ತಿ ಬೆಸುಗೆ. ಮೇಪಲ್‌ನ ಮೈಯಲ್ಲಿ ನಾಲ್ಕು ಕಡೆ ವಿ ಆಕಾರದ ಗಾಡಿ, ಅಂದರೆ ಕೊರಕಲು, ತೋಡಿ ಅವುಗಳಲ್ಲಿ ಬೇರೆ ಮರದ ಪಟ್ಟಿ ಕೂರಿಸಿ, ಆಮೇಲೆ ಕೆಳಗಿನ ಭಾಗಕ್ಕೆ ಜೋಡಿಸುವುದು ಅರೆ ಬೆಸುಗೆ. ಟೈಟ್ಲಿಸ್ಟ್ ಮೊದಲನೆಯ ಜಾತಿ. ಎರಡರಲ್ಲೂ ಹೊರಗೆ ಕಾಣುವುದು ಮೇಲ್ಮುಖವಾದ ಚೂಪು ಮೊನೆಗಳು. ಆ ಮೊನೆಗಳನ್ನು ಯಾರೂ ಚೂಪಾಗಿ ಕತ್ತರಿಸಿಟ್ಟಿರುವುದಿಲ್ಲ. ಅಂಟಿಸಿದ ತುಂಡನ್ನು ಲೇತ್ ಮೇಲೆ ಓರೆಯಾಗಿ ಸವರುತ್ತ ಹೋದಂತೆ ಅವು ತಾವಾಗಿ ಮೂಡಿಬರುತ್ತವೆ.

ಇಲ್ಲಿಯೇ ತಯಾರಕನ ಪರೀಕ್ಷೆ ಇರುವುದು. ಗಾಡಿಯ ಓರೆ ಎಷ್ಟು ಕಡಿಮೆಯೆಂದರೆ, ಆಳದಲ್ಲಿ ಕಾಲು ಮಿಲಿಮೀಟರ್ ಏರುಪೇರಾದರೂ ಹೊರಗೆ ಮೊನೆ ಸೆಂಟಿಮೀಟರಿನ ಹತ್ತಿರ ಮೇಲೆ ಕೆಳಗೆ ಸರಿದುಬಿಡಬಹುದು. ತುಂಡನ್ನು ಲೇತ್‌ಗೆ ಹಿಡಿಸುವಾಗ ಕೇಂದ್ರ ಕೂದಲೆಳೆಯಷ್ಟು ಬದಿಗೆ ಹೋದರೆ ಒಂದು ಮೊನೆ ಎತ್ತರ, ಎದುರಿನದು ಗಿಡ್ಡ. ನಾಲ್ಕೂ ಮೊನೆ ಒಂದೇ ಗೆರೆಯಲ್ಲಿ ನಿಂತಿದ್ದರೆ ಒಳಗಿನ ಕೆಲಸವೂ ಅಷ್ಟೇ ಅಚ್ಚುಕಟ್ಟು ಎಂದು ನಂಬಬಹುದು. ಮುತ್ತಿನ ಚಿಪ್ಪು, ಬೆಳ್ಳಿಯ ಉಂಗುರ ನೋಡಿ ಬೆರಗಾಗುವ ಮೊದಲು ಕ್ಯೂವನ್ನು ನಿಧಾನವಾಗಿ ತಿರುಗಿಸಿ ಈ ನಾಲ್ಕು ಮೊನೆಗಳನ್ನು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸಾಲಾಗಿ ಅಚ್ಚು ಹೊಡೆದ ಅಗ್ಗದ ಕ್ಯೂಗಳಲ್ಲಿ ಮೊನೆಗಳು ಬರಿಯ ಚಿತ್ರ, ಬಣ್ಣದ ಸ್ಟಿಕರ್. ಅಲ್ಲಿ ಅವು ಸಮವಾಗಿಯೇ ಇರುತ್ತವೆ. ಉಗುರಿನಿಂದ ಕೆರೆದರೆ ಗೊತ್ತಾಗುತ್ತದೆ.

ಜಾಯಿಂಟಿನ ವಿಚಾರದಲ್ಲಿ ಆಟಗಾರರ ನಡುವೆ ಮುಗಿಯದ ಜಗಳವಿದೆ. ಉಕ್ಕಿನ ಕೊರಳು ಕೂರಿಸಿದ ಜಾಯಿಂಟ್ ಹೊಡೆತಕ್ಕೆ ಗಡಸುತನ ಕೊಡುತ್ತದೆ ಎಂದು ಒಂದು ಪಂಗಡ. ಮರಕ್ಕೆ ಮರ ನೇರವಾಗಿ ತಾಗುವ ಜಾಯಿಂಟಿನಲ್ಲಿ ಹೊಡೆತದ ಸುದ್ದಿ ಕೈಗೆ ಚೆನ್ನಾಗಿ ತಲುಪುತ್ತದೆ ಎಂದು ಇನ್ನೊಂದು. ನನ್ನ ಅಭಿಪ್ರಾಯ ಕೇಳಿದರೆ, ಎರಡು ಮುಖಗಳೂ ಸಂದಿಲ್ಲದೆ ಕೂತಿವೆಯೇ ಎಂಬುದು ಲೋಹವೋ ಮರವೋ ಎಂಬುದಕ್ಕಿಂತ ಮುಖ್ಯ. ಹಿಡಿಯ ಜಾಗಕ್ಕೆ ಬೆವರು ಹೀರಲೆಂದು ಐರಿಷ್ ಲಿನನ್ ದಾರ ಸುತ್ತುತ್ತಾರೆ, ಕೆಲವರು ಚರ್ಮ ಹಾಕಿಸುತ್ತಾರೆ. ಹಿಂದಿನವರು ಬಳಸುತ್ತಿದ್ದದ್ದು ಮೀನಿನ ಗಾಳಕ್ಕೆಂದು ಹೊಸೆದ ಲಿನನ್ ದಾರವನ್ನೇ. ಬಟ್ಟಿನ ತಳದಲ್ಲಿ ರಬ್ಬರ್ ತುಂಡಿನ ಹಿಂದೆ ಒಂದು ಬೋಲ್ಟ್ ಅಡಗಿರುತ್ತದೆ. ತೂಕ ಹೆಚ್ಚು ಕಡಿಮೆ ಮಾಡುವುದು ಅದನ್ನು ಬದಲಿಸಿ. ಒಟ್ಟು ತೂಕದಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಬಟ್ಟಿನ ತಳದಿಂದ 18, 19 ಇಂಚಿನ ಬಳಿ ಬೆರಳ ಮೇಲೆ ಕ್ಯೂ ಸಮತೂಕವಾಗಿ ನಿಂತರೆ ಬಹುಪಾಲು ಕೈಗಳಿಗೆ ಹಿತ. ಹೇಳಿಮಾಡಿಸುವ ಕ್ಯೂವಿನ ನಿಜವಾದ ಪ್ರಯೋಜನ ಇದು: ಉದ್ದ, ತೂಕ, ಸಮತೂಕದ ಜಾಗ, ಹಿಡಿಯ ದಪ್ಪ ನಾಲ್ಕನ್ನೂ ನಿಮ್ಮ ಮೈಕಟ್ಟಿಗೆ ತಕ್ಕಂತೆ ಕೇಳಬಹುದು.

ಇನ್ನು ಅಲಂಕಾರ. ಬಟ್ಟಿನ ಮೇಲೆ ಮುತ್ತಿನ ಚಿಪ್ಪು, ಬೆಳ್ಳಿ, ಬೇರೆ ಬೇರೆ ಬಣ್ಣದ ಮರ ಕೂಡಿಸುವ ಇನ್‌ಲೇ ಕೆಲಸ ಕಣ್ಣಿಗೆ ಹಬ್ಬ. ಈಗ ಕಂಪ್ಯೂಟರ್ ನಡೆಸುವ ಯಂತ್ರ ಗುಳಿ ತೋಡುತ್ತದೆ. ಆದರೆ ತಿರುಗುವ ಕತ್ತಿಗೆ ತನ್ನದೇ ದುಂಡು ಇರುವುದರಿಂದ ಗುಳಿಯ ಮೂಲೆಗಳು ಚೂಪಾಗಿ ಬರುವುದಿಲ್ಲ. ಮೂಲೆ ಚೂಪಾಗಿ ಕಂಡರೆ ಅಲ್ಲಿ ಒಬ್ಬ ಮನುಷ್ಯ ಸಣ್ಣ ಚಾಕು ಹಿಡಿದು ಕೂತಿದ್ದ ಎಂದು ತಿಳಿಯಬೇಕು. ಈ ಕೆಲಸಕ್ಕೆ ನಾವು ಹೊಸಬರೇನಲ್ಲ. ಬೀಟೆಯ ಮೇಲೆ ಬಣ್ಣದ ಮರಗಳನ್ನು ಕೂಡಿಸಿ ಚಿತ್ರ ಬರೆಯುವ ಮೈಸೂರಿನ ಇನ್‌ಲೇ ಭೌಗೋಳಿಕ ಗುರುತು ಪಡೆದ ಕಲೆ. ಎರಡೂ ಕಡೆಯವರ ಕೈ ಕಟ್ಟಿಹಾಕಿದ್ದು ಒಂದೇ ವಸ್ತು, ಆನೆಯ ದಂತ. ಹಳೆಯ ಕ್ಯೂಗಳಲ್ಲಿ ಫೆರೂಲು, ಜಾಯಿಂಟು ದಂತದ್ದಾಗಿರುತ್ತಿದ್ದವು, ಮೈಸೂರಿನ ಹಳೆಯ ಪೆಟ್ಟಿಗೆಗಳಲ್ಲಿ ದಂತದ ಕುಸುರಿ ಇರುತ್ತಿತ್ತು. 1989ರಲ್ಲಿ, ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದಡಿ ಆಫ್ರಿಕಾದ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು, ಎರಡೂ ಕಡೆ ಬೇರೆ ವಸ್ತುಗಳಿಗೆ ಹೊರಳಬೇಕಾಯಿತು. ಒಳ್ಳೆಯದೇ ಆಯಿತು. ಆನೆಯ ಜೀವಕ್ಕಿಂತ ಹೊಡೆತದ ಹಿತ ದೊಡ್ಡದೆಂದು ಯಾವ ಆಟಗಾರನೂ ವಾದಿಸಲಾರ. 2017ರ ಆರಂಭದಿಂದ ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲ ಅದೇ ಒಪ್ಪಂದದ ನಿಗಾಕ್ಕೆ ಬಂದಿವೆ. ಬೀಟೆ ಬಟ್ಟಿನ ಕ್ಯೂ ವಿದೇಶದಿಂದ ತರಿಸುವವರು ಕಾಗದಪತ್ರದ ವಿಚಾರ ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಅಲಂಕಾರಕ್ಕೂ ಆಟಕ್ಕೂ ಸಂಬಂಧವಿಲ್ಲ ಎನ್ನಲು ನನ್ನ ಬಳಿ ಒಂದು ಸಾಕ್ಷಿಯಿದೆ. ಅಮೆರಿಕದಲ್ಲಿ ‘ಸ್ನೀಕಿ ಪೀಟ್’ ಎಂಬ ಒಂದು ಬಗೆಯ ಕ್ಯೂ ಇದೆ. ದೂರದಿಂದ ನೋಡಿದರೆ ಗೋಡೆಗೆ ಒರಗಿಸಿದ ಬಿಟ್ಟಿ ಕ್ಯೂ, ಹತ್ತಿರ ಹೋದರೆ ಮರದ ಎಳೆಗಳ ನಡುವೆ ಗುಟ್ಟಾದ ಜಾಯಿಂಟು. ಪಣ ಕಟ್ಟಿ ಆಡುವ ಪಳಗಿದ ಆಟಗಾರರು ತಮ್ಮ ಕಸುಬು ಎದುರಾಳಿಗೆ ತಿಳಿಯದಿರಲೆಂದು ಇಂಥದ್ದನ್ನು ಮಾಡಿಸಿಕೊಳ್ಳುತ್ತಿದ್ದರು. ಆಟದ ಮೇಲೆ ಅನ್ನ ನಿಂತಿದ್ದ ಜನ ದುಡ್ಡು ಸುರಿದದ್ದು ಪೂರ್ತಿ ಬೆಸುಗೆಯ ಬಟ್ಟಿಗೆ, ನೇರವಾದ ಶಾಫ್ಟಿಗೆ, ಒಳ್ಳೆಯ ಟಿಪ್ಪಿಗೆ. ಮುತ್ತಿನ ಚಿಪ್ಪಿನ ಗೊಡವೆಯೇ ಅವರಿಗೆ ಬೇಕಿರಲಿಲ್ಲ. ಇಂದಿಗೂ ಹೆಸರುವಾಸಿ ತಯಾರಕರ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಸಾಮಾನ್ಯವಾಗಿ ಇದೇ ಆಗಿರುತ್ತದೆ. ನಾನು ಪೂಲ್ ಆಡುವುದು ಇಂಥದ್ದೊಂದರಲ್ಲೇ, ಎದುರಿಗಿರುವವರು ಬೆಚ್ಚಿಬೀಳುವಂಥ ಆಟವೇನೂ ನನ್ನದಲ್ಲ ಬಿಡಿ.

ಹಾಗಾದರೆ ಕೈಯಿಂದ ಮಾಡಿದ ಮರದ ಕ್ಯೂ ಎಲ್ಲಕ್ಕಿಂತ ಚೆನ್ನಾಗಿ ಆಡುತ್ತದೆಯೇ? ಇಲ್ಲಿ ಪ್ರಾಮಾಣಿಕವಾಗಿ ಮಾತನಾಡಬೇಕು. ಚೆಂಡಿನ ಎಡ ಬದಿಗೆ ಹೊಡೆದರೆ ಚೆಂಡು ಗುರಿಯ ಗೆರೆಗಿಂತ ತುಸು ಬಲಕ್ಕೆ ಸಿಡಿಯುತ್ತದೆ. ಮುಟ್ಟಿದ ಆ ಸಣ್ಣ ಹೊತ್ತಿನಲ್ಲಿ ಶಾಫ್ಟಿನ ತುದಿಯೂ ಪಕ್ಕಕ್ಕೆ ತಳ್ಳಲ್ಪಡುವುದೇ ಇದಕ್ಕೆ ಕಾರಣ. ತುದಿಯ ಕೆಲವು ಇಂಚು ಹಗುರವಾದಷ್ಟೂ ಈ ಸಿಡಿತ ಕಡಿಮೆ. 1990ರ ದಶಕದಲ್ಲಿ ಪ್ರಿಡೇಟರ್ ಕಂಪನಿ ಮೇಪಲ್ ಪಟ್ಟಿಗಳನ್ನು ವೃತ್ತದ ಹೋಳುಗಳಂತೆ ಅಂಟಿಸಿ, ತುದಿಯನ್ನು ಒಳಗಿನಿಂದ ಟೊಳ್ಳು ಮಾಡಿ ಮಾರಿದ ಶಾಫ್ಟುಗಳು ಇದೇ ತತ್ತ್ವದವು. ಅದರ ಮುಂದಿನ ಹೆಜ್ಜೆ ಕಾರ್ಬನ್ ಫೈಬರ್. ಅದು ಬಾಗುವುದಿಲ್ಲ, ಮಳೆಗಾಲಕ್ಕೆ ಊದುವುದಿಲ್ಲ, ಎಲ್ಲವೂ ಒಂದೇ ಅಚ್ಚು. ಇಂದು ದೊಡ್ಡ ಪೂಲ್ ಪಂದ್ಯಗಳಲ್ಲಿ ಅನೇಕ ವೃತ್ತಿಪರರ ಕೈಯಲ್ಲಿರುವುದು ಈ ಕರಿ ಶಾಫ್ಟೇ. ವರ್ಷಗಟ್ಟಲೆ ಕಾದು ಮರದಿಂದ ಪಡೆಯಬೇಕಾದ ನೇರವನ್ನು ಕಾರ್ಖಾನೆ ಒಂದು ದಿನದಲ್ಲಿ ಕೊಡುತ್ತಿದೆ ಎಂಬುದು ನಿಜ. ಮರದ ಪಕ್ಷ ವಹಿಸುವ ನಾನು ಹೇಳಬಹುದಾದದ್ದು ಇಷ್ಟು: ಮರದ ಶಾಫ್ಟಿನಲ್ಲಿ ಹೊಡೆತದ ಸದ್ದು, ಕಂಪನ ಕೈಗೆ ಬರುವ ಬಗೆ ಬೇರೆ, ಅದನ್ನು ಇಷ್ಟಪಟ್ಟವರಿಗೆ ಬೇರೆಯದು ರುಚಿಸುವುದಿಲ್ಲ. ಇದು ರುಚಿಯ ಮಾತು. ಮರದ ಕ್ಯೂ ಕೊಂಡರೆ ಹೆಚ್ಚು ಗೆಲ್ಲುತ್ತೀರಿ ಎಂದು ಹೇಳುವವರನ್ನು ನಂಬಬೇಡಿ.

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಸ್ನೂಕರ್ ಕ್ಯೂ. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ, ನಿಯಮಗಳು ಗಟ್ಟಿಗೊಂಡದ್ದು ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ ಈ ಊರಿನ ಆಟವನ್ನು ವಿಶ್ವಪಟ್ಟಕ್ಕೆ ಏರಿಸಿದರು. ಈ ಆಟದ ಕ್ಯೂ ತಯಾರಿಕೆ ಬ್ರಿಟನ್ನಿನ ಪರಂಪರೆ. ಲಿವರ್‌ಪೂಲಿನ ಪೆರಡಾನ್ 1885ರಿಂದ ಇದೆ. ಲಂಡನ್ನಿನ ಜಾನ್ ಪ್ಯಾರಿಸ್ ಅವರ ಕ್ಯೂಗಳಲ್ಲಿ ರಾನಿ ಓ’ಸಲಿವನ್ ಅಂಥವರು ಆಡಿದ್ದಾರೆ. ಅಲ್ಲಿ ಶಾಫ್ಟಿಗೆ ಮೇಪಲ್‌ಗಿಂತ ಹೆಚ್ಚಾಗಿ ಆ್ಯಶ್ ಮರ, ಅದರ ಎಳೆಗಳು ಬಾಣದ ತುದಿಗಳಂತೆ ಎದ್ದು ಕಾಣುತ್ತವೆ. ಹಳೆಯ ಕ್ರಮದ ತಯಾರಕರು ಶಾಫ್ಟನ್ನು ಲೇತ್‌ಗೆ ಹಾಕದೆ ಉಜ್ಜುಗೊರಡು ಹಿಡಿದು ಕೈಯಿಂದಲೇ ಸವರಿ, ಉಪ್ಪುಕಾಗದ ಉಜ್ಜಿ ಉರುಟು ಮಾಡುತ್ತಾರೆ. ಕಾಯುವ ನಿಯಮ ಮಾತ್ರ ಎರಡೂ ದೇಶದಲ್ಲಿ ಒಂದೇ.

ಈಗ ಕೊಳ್ಳುವವರಿಗೆ ಎರಡು ಮಾತು. ಆಟ ಕಲಿಯಲು ಶುರುಮಾಡಿ ವರ್ಷ ತುಂಬದವರು ಹೇಳಿಮಾಡಿಸುವ ಕ್ಯೂವಿನ ಆಸೆ ಬದಿಗಿಡುವುದು ಒಳ್ಳೆಯದು. ನಿಮ್ಮ ನಿಲುವು, ಹಿಡಿತ ಇನ್ನೂ ಬದಲಾಗುತ್ತಿರುವಾಗ ಯಾವ ಕೈಗೆ ಅಳತೆ ತೆಗೆಯಬೇಕು? ಅಲ್ಲಿಯವರೆಗೆ ಅಂಗಡಿಯ ಸಾಧಾರಣ ಬೆಲೆಯ, ನೆಟ್ಟಗಿರುವ ಮೇಪಲ್ ಅಥವಾ ಆ್ಯಶ್ ಕ್ಯೂ ಸಾಕು. ಟೇಬಲ್ ಮೇಲೆ ಉರುಳಿಸಿ ತುದಿ ಮೇಲೆ ಕೆಳಗೆ ಕುಣಿಯುತ್ತದೆಯೇ ನೋಡಿ. ಬಟ್ ಮತ್ತು ಶಾಫ್ಟ್ ಬಿಚ್ಚಿ ಬೇರೆ ಬೇರೆಯಾಗಿಯೂ ಉರುಳಿಸಿ. ಒಂದು ಕಣ್ಣು ಮುಚ್ಚಿ ಬಟ್ಟಿನಿಂದ ತುದಿಯವರೆಗೆ ನೋಟ ಹಾಯಿಸಿ. ತಯಾರಕರಿಗೆ ಬರೆದು ಮಾಡಿಸುವ ಹಂತ ಬಂದಾಗ ಮೊದಲು ಕೇಳಬೇಕಾದದ್ದು ಶಾಫ್ಟಿನ ಮರ ಎಷ್ಟು ಕಾಲ ಅವರಲ್ಲಿತ್ತು, ಎಷ್ಟು ಸಲ ಸವರಿದರು, ಮುಂದೆ ಬಾಗಿದರೆ ಬದಲಿಸಿಕೊಡುತ್ತಾರೆಯೇ ಎಂಬುದು. ಈ ಮೂರಕ್ಕೆ ನೇರ ಉತ್ತರ ಕೊಡದೆ ಚಿತ್ತಾರದ ಫೋಟೊ ಕಳಿಸುವವರಿಂದ ದೂರವಿರಿ. ಒಂದೇ ದುಡ್ಡಿನಲ್ಲಿ ಅಲಂಕಾರದ ಬಟ್ ಬೇಕೋ ಎರಡು ಒಳ್ಳೆಯ ಶಾಫ್ಟ್ ಬೇಕೋ ಎಂದರೆ ಕಣ್ಣು ಮುಚ್ಚಿ ಶಾಫ್ಟ್ ಆರಿಸಿಕೊಳ್ಳಿ.

ಕೊಂಡ ಮೇಲೆ ಕಾಪಾಡುವುದೂ ಕೊಂಡವರ ಹೊಣೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಮಳೆಗಾಲದ ಗಾಳಿಯೇ ನೀರು. ಕಲಬುರಗಿಯ ಬೇಸಿಗೆಯಲ್ಲಿ ಮರದೊಳಗಿನ ತೇವವೆಲ್ಲ ಹೀರಿಹೋಗುತ್ತದೆ. ಎರಡೂ ಮರಕ್ಕೆ ಆಗಿಬರುವುದಿಲ್ಲ. ಕ್ಯೂವನ್ನು ಗೋಡೆಗೆ ಓರೆಯಾಗಿ ಒರಗಿಸಬೇಡಿ, ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಆಡಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬಿಚ್ಚಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಹಾಗೆ ನೋಡಿಕೊಳ್ಳುವ ವ್ಯವಧಾನ ಇಲ್ಲದವರು ಕಾರ್ಬನ್ ಫೈಬರ್ ಕೊಳ್ಳಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಮರವನ್ನೇ ಆರಿಸಿಕೊಳ್ಳುವವರು ಮಾತ್ರ ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯಲು ಸಿದ್ಧರಿರಿ. ಮುಂದಿನ ತಿಂಗಳೇ ಕೈಗೆ ಕೊಡುತ್ತೇನೆ ಎನ್ನುವವರಿಗೆ ಮುಂಗಡ ಕೊಡಬೇಡಿ.